ಸ್ಕ್ಯಾನ್ ಕೋಣೆಯಲ್ಲಿ ಕೇಳಿದ ಅಳು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಹದಿನಾಲ್ಕು ವರ್ಷದಿಂದ ಎಂ.ಆರ್.ಐ. ಯಂತ್ರ ನಡೆಸುವವನು ನಾನು. ಪರದೆಯ ಮೇಲೆ ಕಂಡದ್ದಷ್ಟೇ ನನಗೆ ನಿಜವಾಗಿತ್ತು. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ.

ಆಗ ಶಿರಾದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿದ್ದೆ. ಒಂದು ಮಧ್ಯಾಹ್ನ ಮಧುಗಿರಿಯಿಂದ ಐದು ದಿನದ ಗಂಡುಕೂಸನ್ನು ಆಂಬುಲೆನ್ಸಿನಲ್ಲಿ ತಂದರು. ಜೊತೆಗೆ ಬಂದವರು ಒಬ್ಬ ನರ್ಸ್ ಮತ್ತು ಕೊಡಿಗೇನಹಳ್ಳಿಯವರಾದ ಮಗುವಿನ ಅಜ್ಜಿ. ಸಿಸೇರಿಯನ್ ಆದ ತಾಯಿ ಆಸ್ಪತ್ರೆಯಲ್ಲೇ ಉಳಿದಿದ್ದಳು. ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಾಲದೆ ಹೋಗಿ, ಮಗು ಹುಟ್ಟಿದಾಗ ಅತ್ತಿರಲಿಲ್ಲ. ಆಮೇಲೂ ಅತ್ತಿರಲಿಲ್ಲ. ಮಿದುಳಿಗೆ ಎಷ್ಟು ಪೆಟ್ಟಾಗಿದೆ ಎಂದು ನೋಡಬೇಕಿತ್ತು.

ನಿದ್ದೆಯ ಔಷಧಿ ಕೊಟ್ಟು, ಕಿವಿ ಮುಚ್ಚಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದೆವು. ನರ್ಸ್ ಒಳಗೆ ಮಗುವಿನ ಪಕ್ಕ ನಿಂತರು. ನಾನು ಗಾಜಿನ ಈಚೆ ಕೂತೆ. ಯಂತ್ರ ದಡದಡ ಸದ್ದು ಮಾಡತೊಡಗಿತು. ಪರದೆಯಲ್ಲಿ ಮಿದುಳಿನ ನಡುಭಾಗ ಎರಡೂ ಕಡೆ ಇರಬಾರದಷ್ಟು ಬೆಳ್ಳಗಿತ್ತು. ಪೆಟ್ಟು ಸಣ್ಣದಲ್ಲ.

ಆಗಲೇ ಅಳು ಕೇಳಿಸಿತು. ಯಂತ್ರದ ಸದ್ದನ್ನೂ ಮೀರಿ ಬಂದ, ಎಳೆಗೂಸಿನ ರೋಷದ ಅಳು. ಹೊರಗಿನಿಂದ ಅಜ್ಜಿ ಬಾಗಿಲು ಬಡಿದರು.

"ನನ್ ಕೂಸು ಅಳ್ತಾ ಐತೆ ಸ್ವಾಮಿ! ಬಾಗ್ಲು ತಗೀರಿ!"

ಸ್ಕ್ಯಾನ್ ನಿಲ್ಲಿಸಿ ಒಳಗೆ ಓಡಿದೆ. ನರ್ಸ್ ಗಾಬರಿಯಾದರು. "ಯಾಕ್ ಸಾರ್? ಇವನು ಮಿಸುಕೇ ಇಲ್ವಲ್ಲ."

ಮಗು ಗಾಢ ನಿದ್ದೆಯಲ್ಲಿತ್ತು. ಅತ್ತಿದ್ದರೆ ತಲೆ ಅಲುಗಿ ಚಿತ್ರ ಕಲಸಿಹೋಗಬೇಕಿತ್ತು. ಆ ಹೊತ್ತಿನ ಚಿತ್ರಗಳೆಲ್ಲ ಸ್ಪಷ್ಟವಾಗಿದ್ದವು. ಸೆಂಟರಿನಲ್ಲಿ ಬೇರೆ ಮಗುವೂ ಇರಲಿಲ್ಲ.

ಅಜ್ಜಿ ಅಷ್ಟರಲ್ಲಿ ಮಗಳಿಗೆ ಫೋನ್ ಮಾಡಿಬಿಟ್ಟಿದ್ದರು. "ಅತ್‌ಬುಟ್ಟ ಕಣವ್ವಾ, ನಿನ್ ಮಗ ಅತ್‌ಬುಟ್ಟ!" ಎಂದವರೇ ಫೋನನ್ನು ನನ್ನ ಕೈಗೆ ತುರುಕಿದರು. "ನೀವೂ ಯೋಳಿ ಸ್ವಾಮಿ, ಅವ್ಳು ನಂಬಾಕಿಲ್ಲ ಅಂತಾಳೆ."

"ಹೌದಮ್ಮ, ನನಗೂ ಕೇಳಿಸ್ತು," ಎಂದೆ. ಅದು ಸುಳ್ಳಲ್ಲ. ಆದರೂ ಪರದೆಯ ಕಡೆ ತಿರುಗಿ ನೋಡಲು ಆಗಲಿಲ್ಲ. ಅಲ್ಲಿ ಕಂಡದ್ದನ್ನು ಹೇಳುವುದು ವೈದ್ಯರ ಕೆಲಸ, ನನ್ನದಲ್ಲ. ಆ ಕಡೆಯಿಂದ ತಾಯಿ ಬಿಕ್ಕುವುದಷ್ಟೇ ಕೇಳುತ್ತಿತ್ತು.

ಒಂಬತ್ತು ದಿನದ ಮೇಲೆ ಅದೇ ನರ್ಸ್ ಫೋನ್ ಮಾಡಿದರು. ಮಗು ಮೊದಲ ಸಲ ಅತ್ತಿತ್ತು, ವಾರ್ಡಿನಲ್ಲಿ, ಎಲ್ಲರ ಎದುರಿಗೆ. "ಮೊದಲ ಸಲ ಅಂದ್ರೆ ಅಜ್ಜಿ ಜಗಳಕ್ಕೇ ಬರ್ತಾರೆ ಸಾರ್, ಅವತ್ತಿಂದೇ ದನಿ ಅಂತಾರೆ."

ಅವನಿಗೀಗ ಮೂರು ವರ್ಷ. ಕೂರುತ್ತಾನೆ, ನಡೆಯಲು ಇನ್ನೂ ಬಂದಿಲ್ಲವಂತೆ.

ನರ್ಸ್ ಫೋನ್ ಮಾಡಿದ ದಿನವೇ ಮಧುಗಿರಿ ಬಸ್ಸು ಹತ್ತಿ ಹೋಗಿ ಅವನ ಅಳು ಕೇಳಿಬರಬಹುದಿತ್ತು. ಹೋಗಲಿಲ್ಲ, ಹೆದರಿದೆ. ದನಿ ಅದೇ ಆಗಿದ್ದರೆ ನನ್ನ ಯಂತ್ರವನ್ನು ಮತ್ತೆ ಹೇಗೆ ನಂಬಲಿ? ಅದಲ್ಲದಿದ್ದರೆ, ಅವತ್ತು ನಾನೂ ಅಜ್ಜಿಯೂ ಕೇಳಿದ್ದು ಯಾರ ಮಗುವಿನ ಅಳು?