ಮೈಕಿನಲ್ಲಿ ಹೇಳಿದ ಹೆಸರು

ದೇವೇಂದ್ರಪ್ಪನವರಿಗೆ ದೇವರು ಒಳ್ಳೆಯ ಗಂಟಲು ಕೊಟ್ಟಿದ್ದ. ಅದನ್ನು ಯಾವಾಗ ಮುಚ್ಚಬೇಕು ಅನ್ನುವ ಬುದ್ಧಿಯನ್ನು ಕೊಡುವುದಕ್ಕೆ ಮಾತ್ರ ಮರೆತಿದ್ದ. ಈ ಮಾತನ್ನು ನಾನು ಅವರ ಹೆಂಡತಿಯ ಎದುರಿಗೇ ಹೇಳಿದ್ದೇನೆ, ಆಕೆ ಹೌದೌದು ಎಂದು ನಕ್ಕಿದ್ದಾರೆ. ಗೋವಿಂದರಾಜನಗರದ ನಮ್ಮ ಅಡ್ಡರಸ್ತೆಯಲ್ಲಿ ನನ್ನದು ಹೊಲಿಗೆ ಅಂಗಡಿ, ಎದುರಿಗೇ ಅವರ ಮನೆ. ಬೆಳಗ್ಗೆ ಗೇಟಿನಿಂದಲೇ ನನ್ನನ್ನು "ಅನಂತಲಕ್ಷ್ಮಮ್ಮಾರೇ, ಕಾಫಿ ಆಯ್ತಾ?" ಎಂದು ಕೇಳಿದರೆ ಮೂಲೆಯ ದಿನಸಿ ಅಂಗಡಿಯವನೂ ಆಯ್ತು ಅನ್ನುತ್ತಿದ್ದ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತು ದುಡಿದ ಮನುಷ್ಯ. ಕಾರ್ಖಾನೆ ಮುಚ್ಚುವ ಹೊತ್ತಿಗೆ ವಿಆರ್‌ಎಸ್ ಕೊಟ್ಟು ಮನೆಗೆ ಕಳಿಸಿದರು. ಮನೆಯಲ್ಲಿ ಕೂತು ಹೆಂಡತಿಗೆ ಸಾರಿಗೆ ಎಷ್ಟು ಹುಣಸೆ ಹಾಕಬೇಕು ಎಂದು ಹೇಳಿಕೊಡಲು ಶುರುಮಾಡಿದರು. ಆಕೆಯೇ ಬೇಸತ್ತು, "ಎಲ್ಲಾದ್ರೂ ಹೋಗಿ ತಿರುಗಾಡ್ಕೊಂಡು ಬನ್ರೀ" ಎಂದು ಅಟ್ಟಿದರು. ಹಾಗೆ ತಿರುಗಲು ಹೋದವರು ಶ್ರೀಗಂಧದ ಕಾವಲಿನಲ್ಲಿ ಮನೆ ಕಟ್ಟುವ ಕಡೆ ಶಾಲೆಯ ಹೊತ್ತಿನಲ್ಲಿ ಮಕ್ಕಳು ಮರಳಿನ ಗುಡ್ಡೆ ಮೇಲೆ ಜಾರುತ್ತಿದ್ದುದನ್ನು ಕಂಡರು. ಮೇಸ್ತ್ರಿಯ ಜೊತೆ ಜಗಳವಾಡಿ, ಮಾರನೆಯ ದಿನವೇ ಇಬ್ಬರನ್ನು ಕೈಹಿಡಿದು ಶಾಲೆಗೆ ಸೇರಿಸಿ ಬಂದರು. ಮೂರ್ನಾಲ್ಕು ವರ್ಷದಲ್ಲಿ ಅದು ಒಂದು ತರಗತಿ ತುಂಬುವಷ್ಟು ಮಕ್ಕಳಾಯಿತು. ಎಲ್ಲರೂ ಉತ್ತರ ಕರ್ನಾಟಕದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು. ಫೀಸು, ಪುಸ್ತಕ, ಬಸ್ ಪಾಸು ಇವರ ಜವಾಬ್ದಾರಿ. ಯೂನಿಫಾರ್ಮು ಹೊಲಿಯುವುದು ನನ್ನ ತಲೆಗೆ ಬಂತು. ನಾನು ಗೊಣಗುತ್ತಲೇ ಹೊಲಿದೆ, ಗೊಣಗುವುದು ನನ್ನ ಸ್ವಭಾವ.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ? ಮನೆ ಮನೆಗೆ ಹೋಗಿ ಕೇಳಿದರೆ ಜನ ಬಾಗಿಲ ಸಂದಿಯಲ್ಲೇ ಚಿಲ್ಲರೆ ಕೊಟ್ಟು ಸಾಗಹಾಕುತ್ತಿದ್ದರು. ಆದರೆ ನಮ್ಮಲ್ಲಿ ನವೆಂಬರ್ ಬಂದರೆ ರಸ್ತೆಗೊಂದು ರಾಜ್ಯೋತ್ಸವ. ಶಾಮಿಯಾನ ಹಾಕಿ, ಬಾವುಟ ಕಟ್ಟಿ, ಸಂಜೆ ಆರ್ಕೆಸ್ಟ್ರಾ ಇಡುತ್ತಾರೆ. ಹಾಡು ಹಾಡಿನ ನಡುವೆ ದೇವೇಂದ್ರಪ್ಪನವರು ಮೈಕ್ ಹಿಡಿದು, "ನಮ್ಮ ಬಡಾವಣೆಯ ಹಿರಿಯರಾದ ಚಿಕ್ಕಣ್ಣನವರು ಮಕ್ಕಳ ವಿದ್ಯಾಭ್ಯಾಸಕ್ಕೆ ಉದಾರವಾಗಿ ದೇಣಿಗೆ ನೀಡಿರುತ್ತಾರೆ!" ಎಂದು ಕೂಗುತ್ತಿದ್ದರು. ಚಿಕ್ಕಣ್ಣ ಇಲ್ಲಿನ ಹಳೇ ಊರಿನವರು, ಹೊಲ ಸೈಟಾಗಿ, ಸೈಟಲ್ಲಿ ಬಾಡಿಗೆ ಮನೆಗಳೆದ್ದು ಸಾಹುಕಾರರಾದವರು. ಅವರ ಹೆಸರು ರಸ್ತೆಯ ಆ ತುದಿವರೆಗೆ ಕೇಳಿಸಿದ ಮೇಲೆ ಎದುರು ಮನೆಯವರಿಗೆ ಸುಮ್ಮನೆ ಕೂರುವುದಕ್ಕೆ ಆಗುತ್ತದೆಯೇ? ಅವರೂ ಎದ್ದು ಬರುತ್ತಿದ್ದರು.

"ಹೆಸರು ಕೇಳಿದ್ರೇನೇ ಜನಕ್ಕೆ ಜೇಬು ನೆನಪಾಗೋದು ಲಕ್ಷ್ಮಮ್ಮಾರೇ" ಎಂದು ಅವರು ನನಗೆ ಹೇಳುತ್ತಿದ್ದರು. ಅದು ಸುಳ್ಳಲ್ಲ.

ಆ ಮಕ್ಕಳಲ್ಲಿ ಗುರುದೇವಿ ಅಂತ ಒಬ್ಬಳು. ಒಂಬತ್ತನೇ ಕ್ಲಾಸು. ತಾಯಿ ಮುತ್ತವ್ವ ಸಿಮೆಂಟು ಬಾಂಡ್ಲಿ ಹೊರುತ್ತಿದ್ದಳು. ಅರ್ಧ ಕಟ್ಟಿದ ಬಿಲ್ಡಿಂಗಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ತಾಯಿ ಮಗಳ ವಾಸ. ಗಂಡ ಕುಡಿದು ಕುಡಿದು ಒಂದು ದಿನ ಎಲ್ಲಿಗೋ ಹೊರಟುಹೋದವನು ಮತ್ತೆ ಮುಖ ತೋರಿಸಿರಲಿಲ್ಲ. ಹುಡುಗಿ ಮಾತ್ರ ಶಾಲೆಯಲ್ಲಿ ತನ್ನಪ್ಪ ಸೊಲ್ಲಾಪುರದ ಮಿಲ್ಲಿನಲ್ಲಿ ಸೂಪರ್‌ವೈಸರ್ ಎಂದು ಹೇಳಿಕೊಂಡಿದ್ದಳು. ನಮ್ಮ ರಸ್ತೆಯ ಶಿಲ್ಪಾ ಅವಳ ಗೆಳತಿ, ಅಂಗಡಿಗೆ ಬಂದಾಗ ಅದನ್ನು ಹೆಮ್ಮೆಯಿಂದ ನನಗೆ ಹೇಳಿದ್ದಳು. ನಾನು ಹೌದಾ ಎಂದು ಕೇಳಿ ಸುಮ್ಮನಾದೆ. ಆ ವಯಸ್ಸಿನ ಹುಡುಗಿಗೆ ಗೆಳತಿಯರ ಎದುರು ತಲೆಯೆತ್ತಿ ಓಡಾಡಲು ಒಬ್ಬ ಅಪ್ಪ ಬೇಕು. ಅದರಿಂದ ಯಾರ ಗಂಟು ಹೋಗುತ್ತದೆ?

ಎರಡು ಸಾವಿರದ ಆರನೇ ಇಸವಿಯ ರಾಜ್ಯೋತ್ಸವ. ಮಕ್ಕಳನ್ನೆಲ್ಲ ಹೊಸ ಯೂನಿಫಾರ್ಮಿನಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಗುರುದೇವಿಯ ಪಕ್ಕ ಶಿಲ್ಪಾ, ಹಿಂದೆ ಅವರ ಕ್ಲಾಸಿನ ಇನ್ನೂ ಕೆಲವು ಹುಡುಗಿಯರು. ಆ ಸಲ ಯಾಕೋ ಜನಕ್ಕೆ ಹಾಡಿನ ಮೇಲೇ ಆಸೆ. ದೇವೇಂದ್ರಪ್ಪನವರು ಎಷ್ಟು ಕೂಗಿದರೂ ಯಾರೂ ಏಳಲಿಲ್ಲ. ಆಗ ಚಿಕ್ಕಣ್ಣನವರು ಕುರ್ಚಿಯಿಂದಲೇ, "ಯಾವ ಮಕ್ಳು, ಏನು ಕಷ್ಟ ಅಂತ ಗೊತ್ತಾಗ್ಬೇಡ್ವೇನಪ್ಪಾ? ದುಡ್ಡು ಕೊಡೋರು ನಾವು" ಅಂದರು.

ಅಷ್ಟೇ ಸಾಕಾಯಿತು. ದಾನಿಗಳ ಹೆಸರು ಕೂಗಿ ಕೂಗಿ ಅಭ್ಯಾಸವಾಗಿದ್ದ ಬಾಯಿ ಅದೇ ದನಿಯಲ್ಲಿ ಮಕ್ಕಳ ಹೆಸರನ್ನೂ ಕೂಗಿತು. "ಇಲ್ಲೇ ಕೂತಿರುವ ಕುಮಾರಿ ಗುರುದೇವಿ, ಗಾರೆ ಕೆಲಸದ ಮುತ್ತವ್ವನ ಮಗಳು! ಕುಡುಕ ತಂದೆ ನಡುನೀರಿನಲ್ಲಿ ಕೈಬಿಟ್ಟು ಓಡಿಹೋಗಿದ್ದಾನೆ! ಈ ಮಗು ನಿಮ್ಮ ಮನೆ ಮಗಳಲ್ಲವೇ? ಎದ್ದು ನಿಲ್ಲಮ್ಮಾ ಗುರುದೇವಿ, ಎಲ್ಲರೂ ನೋಡಲಿ!"

ಅವಳು ಎದ್ದು ನಿಂತಳು. ಹಿರಿಯರು ಹೇಳಿದಾಗ ಏಳದೇ ಇರಲು ಗೊತ್ತಿಲ್ಲದ ಮಗು. ರಸ್ತೆಗೆ ರಸ್ತೆಯೇ ಕತ್ತು ತಿರುಗಿಸಿ ನೋಡಿತು. ಹೆಂಗಸರು ಲೊಚಗುಟ್ಟಿದರು, ಗಂಡಸರು ಜೇಬಿಗೆ ಕೈಹಾಕಿದರು. ವೇದಿಕೆಯ ಮೇಲೆ ಅಷ್ಟು ನೋಟು ಬಿದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ದೇವೇಂದ್ರಪ್ಪನವರು ಬೆವರು ಒರೆಸಿಕೊಳ್ಳುತ್ತಾ ಇಳಿದು ಬಂದು, "ನೋಡಿದ್ರಾ?" ಅಂದರು.

"ನೋಡ್ದೆ. ನೀವು ಆ ಹುಡುಗಿ ಮುಖ ನೋಡಿದ್ರಾ?" ಅಂದೆ.

ಅವರು ತಿರುಗಿ ನೋಡುವ ಹೊತ್ತಿಗೆ ಅವಳ ಕುರ್ಚಿ ಖಾಲಿಯಾಗಿತ್ತು.

ಮಾರನೆಯ ದಿನ ಗುರುದೇವಿ ಶಾಲೆಗೆ ಹೋದಳಂತೆ. ಮಧ್ಯಾಹ್ನಕ್ಕೇ ವಾಪಸು ಬಂದಳಂತೆ. ಯಾರೋ, "ಸೊಲ್ಲಾಪುರದಿಂದ ನಿಮ್ಮಪ್ಪ ಫೋನ್ ಮಾಡಿದ್ರೇನೇ?" ಎಂದು ಕೇಳಿ ನಕ್ಕರಂತೆ. ಶಿಲ್ಪಾ ನಗಲಿಲ್ಲ, ಆದರೆ ಬೇರೆ ಬೆಂಚಿಗೆ ಹೋಗಿ ಕೂತಳಂತೆ. ಅಲ್ಲಿಂದಾಚೆ ಗುರುದೇವಿ ಶಾಲೆಯ ಕಡೆ ತಲೆ ಹಾಕಲಿಲ್ಲ, ಅವ್ವನ ಜೊತೆ ಇಟ್ಟಿಗೆ ಹೊರಲು ಹೋಗುತ್ತಿದ್ದಾಳೆ ಎಂದು ಸುದ್ದಿ ಬಂತು. ಒಮ್ಮೆ ಕೂಲಿಯ ರುಚಿ ಹತ್ತಿದ ಹುಡುಗಿಯನ್ನು ಮತ್ತೆ ಪುಸ್ತಕದ ಮುಂದೆ ಕೂರಿಸುವುದು ಎಷ್ಟು ಕಷ್ಟ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ದೇವೇಂದ್ರಪ್ಪನವರು ಊಟ ಬಿಟ್ಟರು. ಗೇಟಿನ ಹತ್ತಿರ ನಿಲ್ಲುವುದನ್ನೂ ಬಿಟ್ಟರು. ನಾಲ್ಕು ದಿನದ ಮೇಲೆ ಅಂಗಡಿಗೆ ಬಂದು, "ಒಂದು ದಾರಿ ಹೊಳೀತು. ಭಾನುವಾರ ಹಿಂದಿನ ರಸ್ತೆಯವರದ್ದು ರಾಜ್ಯೋತ್ಸವ. ಅಲ್ಲಿ ಮೈಕಲ್ಲೇ ಎಲ್ಲರ ಎದುರಿಗೆ ಗುರುದೇವಿ ಹತ್ರ ಕ್ಷಮೆ ಕೇಳ್ಬಿಡ್ತೀನಿ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಯಾಕೆ, ಮೊದಲ್ನೇ ಸಲ ಕೇಳಿಸದೇ ಇದ್ದೋರಿಗೂ ಕೇಳಿಸ್ಲಿ ಅಂತಲಾ? ಸ್ವಾಮಿ, ಬಾಯಿ ಮುಚ್ಕೊಂಡು ಅವರ ಮನೆಗೆ ನಡ್ಕೊಂಡು ಹೋಗಿ" ಅಂದೆ.

ಅವರ ಮುಖ ಕೆಂಪಾಯಿತು. ಸ್ಟೂಲಿನ ಮೇಲೆ ಕುಸಿದು ಕೂತು, "ನೀವೂ ಬನ್ನಿ. ಒಬ್ನೇ ಹೋಗೋಕೆ ಮುಖ ಇಲ್ಲ" ಅಂದರು.

ಆ ಸಂಜೆ ಹೋದೆವು. ಶೆಡ್ಡಿನಲ್ಲಿ ಗುರುದೇವಿ ನಮಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಮುತ್ತವ್ವ ಚಾಪೆ ಹಾಸಿ, "ಬರ್ರಿ ಯಪ್ಪಾ, ಕುಂದರ್ರಿ" ಎಂದು ಎಂದಿನಂತೆಯೇ ಕರೆದಳು. ಆ ಮರ್ಯಾದೆಯೇ ಅವರನ್ನು ಹಿಂಡಿಹಾಕಿತು.

"ತಪ್ಪಾಯ್ತಮ್ಮಾ" ಅಂದರು ದೇವೇಂದ್ರಪ್ಪನವರು.

"ನಿಮ್ಮ ಮನಸ ಚಲೋ ಐತ್ರಿ. ಖರೇ ಮೈಕ್‌ನ್ಯಾಗ ಆಡಿದ ಮಾತು ಹೊಳ್ಳಿ ಹ್ಯಾಂಗ ತಗೋತೀರಿ?" ಅಂದಳು ಮುತ್ತವ್ವ. ಹುಡುಗಿ ತಿರುಗಲಿಲ್ಲ, ರೊಟ್ಟಿಯ ಸದ್ದು ನಿಲ್ಲಲಿಲ್ಲ.

ಆಗ ದೇವೇಂದ್ರಪ್ಪನವರು ಹೆಂಡತಿಗೂ ಹೇಳದಿದ್ದ ಒಂದು ಮಾತು ತೆಗೆದರು. ಅರಸೀಕೆರೆ ಕಡೆ ಸಾಹುಕಾರರೊಬ್ಬರ ಉಚಿತ ಹಾಸ್ಟೆಲಿನಲ್ಲಿ ಇವರು ಓದಿದ್ದಂತೆ. ಅಪ್ಪ ಇರಲಿಲ್ಲ, ಅವ್ವ ಕಂಡವರ ಮನೆಯಲ್ಲಿ ರಾಗಿ ಬೀಸುತ್ತಿದ್ದಳು. ಪ್ರತಿ ವರ್ಷ ದಾನಿಗಳು ಬಂದ ದಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬನೂ ಮುಂದೆ ಬಂದು ತನ್ನ ಮನೆಯ ಬಡತನವನ್ನು ಗಟ್ಟಿಯಾಗಿ ಹೇಳಬೇಕಿತ್ತಂತೆ. "ನಾನೇ ಎಲ್ಲರಿಗಿಂತ ಜೋರಾಗಿ ಹೇಳ್ತಿದ್ದೆ ಕಣಮ್ಮಾ. ಬೇಗ ಮುಗೀಲಿ ಅಂತ. ಆಮೇಲೆ ಕೊಟ್ಟಿಗೆ ಹಿಂದೆ ಹೋಗಿ ಅಳ್ತಿದ್ದೆ. ನಿನ್ನ ಸಂಕಟ ನನಗೆ ಗೊತ್ತಾಗುತ್ತೆ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಇದನ್ನು ಕೇಳಿದರೆ ಹುಡುಗಿಗೆ ಸಮಾಧಾನವಾದೀತು ಎಂದು ಅವರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡೆ.

ರೊಟ್ಟಿಯ ಸದ್ದು ನಿಂತಿತು. ಗುರುದೇವಿ ತಿರುಗಿ ಅವರನ್ನೇ ನೋಡಿದಳು.

"ಹಂಗಾದ್ರ ನಿಮಗ ಗೊತ್ತಿತ್ತು" ಅಂದಳು.

ಮುತ್ತವ್ವ ಮಗಳನ್ನು ಗದರಿದಳು. ದೇವೇಂದ್ರಪ್ಪನವರು ಕೈಯೆತ್ತಿ ತಡೆದರು. ತಗ್ಗಿದ ದನಿಯಲ್ಲಿ, "ಗೊತ್ತಿತ್ತಮ್ಮಾ" ಅಂದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಅಷ್ಟು ನಾಚಿಕೆಪಟ್ಟ ಗಂಡಸನ್ನು ನಾನು ಕಂಡಿರಲಿಲ್ಲ, ಇನ್ನೊಮ್ಮೆ ಕಾಣುವುದೂ ಬೇಡ.

"ಬ್ಯಾರೆ ಸಾಲ್ಯಾಗ ಓದ್ತೀನ್ರಿ, ಆದ್ರ ಆ ಸಾಲಿಗೆ ಹೋಗಂಗಿಲ್ಲ" ಅಂದಳು ಹುಡುಗಿ.

ಮುತ್ತವ್ವ ಕೆಂಗೇರಿಯ ಕಡೆ ಕೆಲಸ ಹಿಡಿದಳು. ಅಲ್ಲಿಯ ಸರ್ಕಾರಿ ಶಾಲೆಗೆ ಮಗಳನ್ನು ಸೇರಿಸುವುದೆಂದಾಯಿತು. ವರ್ಷದ ನಡುವೆ ಟಿಸಿ ಕೊಡಲು ಹಳೇ ಶಾಲೆಯವರು ಸತಾಯಿಸಿದರು, ದೇವೇಂದ್ರಪ್ಪನವರು ಅಲೆದಾಡಿ ತಂದುಕೊಟ್ಟರು. ಅಲ್ಲಿಯವರೆಗೆ ಪ್ರತಿ ಮಗುವನ್ನೂ ತಾವೇ ಕೈಹಿಡಿದು ಶಾಲೆಗೆ ಸೇರಿಸಿದವರು. ಇವಳನ್ನು ಸೇರಿಸುವ ದಿನವೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟು ನಿಂತಿದ್ದರು. ಗುರುದೇವಿ ನೆಲ ನೋಡುತ್ತಾ, "ನೀವು ಬರಬ್ಯಾಡ್ರಿ. ಆಂಟೀರು ಬರ್ಲಿ" ಅಂದಳು. ಅವರು ತಲೆಯಾಡಿಸಿ ಟಿಸಿಯನ್ನು ನನ್ನ ಕೈಗಿತ್ತರು.

ಸೇರಿಸಿ ವಾಪಸು ಬರುವಾಗ ಅವರು ನಮ್ಮ ಬಡಾವಣೆಯ ಬಸ್ ಸ್ಟಾಪಿನಲ್ಲೇ ಕಾಯುತ್ತಾ ನಿಂತಿದ್ದರು.

"ತಗೊಂಡ್ರಾ?"

"ಹೂಂ, ತಗೊಂಡ್ರು. ಹೆಡ್‌ಮೇಷ್ಟ್ರು ಒಳ್ಳೆಯವರು."

ಅವರು ನನ್ನ ಪಕ್ಕದಲ್ಲೇ ಸ್ವಲ್ಪ ದೂರ ನಡೆದರು. ಆಮೇಲೆ ನಿಂತು, "ಅಲ್ಲಿ ನನ್ನ ಹೆಸರು ಹೇಳ್ಲಿಲ್ಲ ತಾನೇ?" ಎಂದು ಕೇಳಿದರು.

"ಇಲ್ಲ."

"ಹೇಳ್ಬೇಡಿ" ಅಂದರು. "ಮಗುಗೆ ನಾಚಿಕೆ ಆಗುತ್ತೆ."