ಚಪ್ಪಲಿ ಎಣಿಸುವ ಮಹಾನಂದ

ಗುರುವಾರ, ಬೆಳಗಿನ ಐದೂಮುಕ್ಕಾಲು. ಶ್ರೀರಾಂಪುರದ ಒಂದು ಮಹಡಿ ಮನೆಯ ಮೆಟ್ಟಿಲ ಬುಡದಲ್ಲಿ ಐವತ್ತೆರಡು ವರ್ಷದ ಮಹಾನಂದ ಬಗ್ಗಿ ನಿಂತು ಚಪ್ಪಲಿ ಎಣಿಸುತ್ತಿದ್ದಾರೆ. ಹನ್ನೊಂದು, ಹನ್ನೆರಡು, ಹದಿಮೂರು. ಹದಿಮೂರನೆಯದು ಒಂಟಿ. ಅದರ ಜೋಡಿಯನ್ನು ಯಾವುದೋ ನಾಯಿ ಚರಂಡಿಯ ಪಕ್ಕಕ್ಕೆ ಎಳೆದುಹಾಕಿದೆ. ಅದನ್ನು ಕಾಲಲ್ಲೇ ತಳ್ಳಿ ತಂದು ಜೊತೆಗೂಡಿಸಿ, ಆಮೇಲೆ ಮಹಡಿ ಹತ್ತುತ್ತಾರೆ. ಮೇಲೆ ತಾರಸಿಯಲ್ಲಿ ಡೊಳ್ಳಿನ ತಂಡದ ಹುಡುಗರು, ಬೀದಿಯವರು ಎದ್ದು ಬೈದಾರೆಂದು, ಹಳೆಯ ಟೈರುಗಳ ಮೇಲೆ ಕೋಲು ಬಡಿದು ಅಭ್ಯಾಸ ಮಾಡುತ್ತಿದ್ದಾರೆ. ಅರ್ಜಿಯಲ್ಲಿ ಮೂವತ್ತು ಜನ ಎಂದು ಬರೆದಿದ್ದರು. ಮಹಾನಂದ ಪುಸ್ತಕ ತೆಗೆದು ಹದಿಮೂರು ಎಂದು ಬರೆದುಕೊಳ್ಳುತ್ತಾರೆ.

ಇದೆಂಥ ಕೆಲಸ ಅಂತೀರಾ? ಮಲ್ಲೇಶ್ವರ, ಶ್ರೀರಾಂಪುರದ ಆಸುಪಾಸಿನ ಒಂದು ವಾರ್ಡ್ ಕಚೇರಿಯಲ್ಲಿ ಈಕೆ ಗುತ್ತಿಗೆಯ ಸಮುದಾಯ ಸಂಘಟಕಿ. ಯುವಕರ ತಂಡ, ಮಹಿಳಾ ಸಂಘ, ಬೀದಿ ಗ್ರಂಥಾಲಯ, ಭಜನಾ ಮಂಡಳಿ ಎಂದು ಬಂದವರಿಗೆ ಇಲ್ಲಿನ ವಾರ್ಡ್ ಸಮಿತಿ ವರ್ಷಕ್ಕೊಮ್ಮೆ ಕಿರು ಅನುದಾನ ಹಂಚುತ್ತದೆ. ಒಟ್ಟು ಮೂರು ಲಕ್ಷ. ಒಂದು ಗುಂಪಿಗೆ ಹೆಚ್ಚೆಂದರೆ ಐವತ್ತು ಸಾವಿರ. ಈ ಸಲ ಬಂದಿರುವ ಅರ್ಜಿಗಳು ಹತ್ತೊಂಬತ್ತು. ಸಮಿತಿಯಲ್ಲಿ ಹತ್ತು ಜನ. ಹತ್ತೊಂಬತ್ತು ಕಡೆ ಹೋಗಿ ನೋಡುವ ಪುರುಸೊತ್ತು ಅವರಲ್ಲಿ ಯಾರಿಗಿದೆ? ಅದಕ್ಕೇ ಮಹಾನಂದ ಹೋಗುತ್ತಾರೆ. ಗುಂಪಿಗೊಂದರಂತೆ ಒಂದು ಪುಟದ ವರದಿ ಬರೆಯುತ್ತಾರೆ. ಶನಿವಾರದ ಸಭೆಯಲ್ಲಿ ಆ ಒಂದು ಪುಟ ನೋಡಿಕೊಂಡು ಹತ್ತು ಜನ ಕೈ ಎತ್ತುತ್ತಾರೆ, ಇಲ್ಲವೇ ಎತ್ತುವುದಿಲ್ಲ.

ಜೂನ್ ಬಂತೆಂದರೆ ಈ ವಾರ್ಡಿನಲ್ಲಿ ಸಂಘಗಳು ನಾಯಿಕೊಡೆಯ ಹಾಗೆ ಏಳುತ್ತವೆ. ಒಂದು ಬ್ಯಾನರ್, ಒಬ್ಬ ಅಧ್ಯಕ್ಷ, ಇಬ್ಬರು ಉಪಾಧ್ಯಕ್ಷರು, ಒಬ್ಬ ಗೌರವಾಧ್ಯಕ್ಷ. ಸದಸ್ಯರನ್ನು ಮಾತ್ರ ಕೇಳಬಾರದು! ಮಹಾನಂದ ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಯೋಗ ಕೇಂದ್ರದ ಬಾಗಿಲಲ್ಲಿ ನಲವತ್ತು ಜೊತೆ ಚಪ್ಪಲಿ ಎಣಿಸಿ ಖುಷಿಪಟ್ಟಿದ್ದರಂತೆ. ಒಳಗೆ ಹೋದರೆ ಎಂಟೇ ಜನ. ಅಷ್ಟರಲ್ಲಿ ಪಕ್ಕದ ದೇವಸ್ಥಾನದಿಂದ ಹಣೆಗೆ ಕುಂಕುಮವಿಟ್ಟುಕೊಂಡ ಹಿರಿಯರೊಬ್ಬರು ಬರಿಗಾಲಲ್ಲಿ ಬಂದು, ತಮ್ಮ ಚಪ್ಪಲಿ ಇಲ್ಲಿಗೆ ಹೇಗೆ ನಡೆದುಕೊಂಡು ಬಂತು ಎಂದು ಕೇಳಿದರಂತೆ. ಅಂದಿನಿಂದ ಮಹಾನಂದ ಯಾರಿಗೂ ಹೇಳಿ ಹೋಗುವುದಿಲ್ಲ. ಹೋಗುವುದು ಬೆಳಗಿನ ಜಾವವೇ.

ಈ ಬೆಳಗಿನ ಹಟ ಅವರಿಗೆ ತಂದೆಯಿಂದ ಬಂದದ್ದು. ತಂದೆ ಚಂದ್ರಶೇಖರಯ್ಯನವರದು ಅಕ್ಕಿಪೇಟೆಯಲ್ಲಿ ಸಗಟು ಅಂಗಡಿ. ಲಾರಿ ಬಂದ ಹೊತ್ತಿಗೇ, ಕತ್ತಲು ಹರಿಯುವ ಮೊದಲೇ ಹೋಗಿ, ಮೂಟೆಯ ನಡುವಿಗೆ ಚುಚ್ಚಿ ಅಕ್ಕಿ ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಿದ್ದರು. ಹೊತ್ತೇರಿದ ಮೇಲೆ ಹೋದರೆ ಕಲಬೆರಕೆಗೆ ಅವಕಾಶ ಕೊಟ್ಟ ಹಾಗೆ ಎಂಬುದು ಅವರ ನಂಬಿಕೆ. ಅಂಗಡಿ ಅಣ್ಣಂದಿರ ಪಾಲಾಯಿತು. ಮಗಳಿಗೆ ಬಂದದ್ದು ಆ ಅಭ್ಯಾಸ ಮಾತ್ರ. ಬಸವನಗುಡಿಯ ಒಂದು ಸಣ್ಣ ಶಾಲೆಯಲ್ಲಿ ಹದಿನೆಂಟು ವರ್ಷ ಗುಮಾಸ್ತೆಯಾಗಿದ್ದ ಮಹಾನಂದ, ಶಾಲೆ ಮುಚ್ಚಿದ ಮೇಲೆ ನಲವತ್ತೆಂಟರಲ್ಲಿ ಈ ಗುತ್ತಿಗೆ ಹಿಡಿದರು. ಸಂಬಳ ಬಂದಾಗ ಬರುತ್ತದೆ. ಗುತ್ತಿಗೆ ವರ್ಷವರ್ಷವೂ ನವೀಕರಣವಾಗಬೇಕು, ಅದೂ ಅನುದಾನದ ಸಭೆಯಾದ ವಾರದಲ್ಲೇ. ಚಾಮರಾಜಪೇಟೆಯ ಮನೆಯಲ್ಲಿ ನಾಲ್ಕಕ್ಕೆ ಎದ್ದು, ಸ್ನಾನ, ಲಿಂಗಪೂಜೆ ಮುಗಿಸಿ, ಮಾರ್ಕೆಟ್ ಸ್ಟೇಷನ್ನಿನಿಂದ ಮೊದಲ ಮೆಟ್ರೋ ಹಿಡಿದು ಬರುತ್ತಾರೆ. ಒಂದು ಬೆಳಿಗ್ಗೆಗೆ ಮೂರು ಗುಂಪು. ಒಂದು ಗುಂಪಿಗೆ ಮೂರು ಸಲ, ಬೇರೆ ಬೇರೆ ದಿನ. ಮಂಡಿ ನೋವಿಗೆ ಎಣ್ಣೆ ಹಚ್ಚಿ ಹಚ್ಚಿ ಸೀರೆಯ ನೆರಿಗೆಗೇ ಎಣ್ಣೆ ವಾಸನೆ ಅಂಟಿಕೊಂಡಿದೆ.

ಇಂದು ಮಾತ್ರ ಅವರಿಗೆ ಒಂದು ಕಡೆ ನಿಲ್ಲಲಾಗುತ್ತಿಲ್ಲ. ತಾರಸಿಯಿಂದ ಇಳಿದವರು ಎರಡು ಸಲ ಚೀಲ ತೆರೆದು ಒಂದು ಕಾಗದ ಮುಟ್ಟಿ ನೋಡಿ ಮತ್ತೆ ಮುಚ್ಚುತ್ತಾರೆ. ಕಾಫಿ ತರಿಸಿ ಅರ್ಧಕ್ಕೇ ಬಿಡುತ್ತಾರೆ. ಆ ಕಾಗದದಲ್ಲಿ ಇರುವುದು ಎರಡೇ ಸಾಲು. ಹೋದ ವರ್ಷ ತಾವು ಬರೆದ ಒಂದು ವರದಿ ತಪ್ಪು ಎಂದು ತಾವೇ ಒಪ್ಪಿಕೊಂಡಿರುವ ಎರಡು ಸಾಲು.

ಆದದ್ದಿಷ್ಟು. ಶ್ರೀರಾಂಪುರದ ಹದಿನಾಲ್ಕು ಹುಡುಗಿಯರ ಕಬಡ್ಡಿ ತಂಡ ಹೋದ ವರ್ಷ ಮ್ಯಾಟ್ ಬೇಕೆಂದು ಅರ್ಜಿ ಹಾಕಿತ್ತು. ಅವರು ಆಡುವುದು ವಾರ್ಡಿನ ಹಳೆಯ ಸಮುದಾಯ ಭವನದ ಹಿಂದಿನ ಅಂಗಳದಲ್ಲಿ. ಮಹಾನಂದ ಮೂರು ಬೆಳಿಗ್ಗೆ ಹೋದರು. ಮೂರು ಬೆಳಿಗ್ಗೆಯೂ ಗೇಟಿಗೆ ಬೀಗ; ಒಂದು ನರಪಿಳ್ಳೆಯೂ ಇಲ್ಲ. ಇದೂ ಬ್ಯಾನರ್ ಸಂಘವೇ ಎಂದುಕೊಂಡು, ‘ಚಟುವಟಿಕೆ ಇಲ್ಲ’ ಎಂದು ಬರೆದು ಕೈತೊಳೆದುಕೊಂಡರು. ಅರ್ಜಿ ಬಿದ್ದುಹೋಯಿತು.

ಮೂರು ವಾರದ ಹಿಂದೆ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಮಹಾನಂದ ಸೇವಂತಿಗೆ ಕೊಳ್ಳುತ್ತಿದ್ದರು. ಬೆಳಗಿನ ಆರೂವರೆ. ಸಿದ್ದಮ್ಮ ಎಂಬಾಕೆಯ ಹೂವಿನ ಬುಟ್ಟಿಯ ಪಕ್ಕ ಕೂತು ಕನಕಾಂಬರ ಕಟ್ಟುತ್ತಿದ್ದ ಆಕೆಯ ಮಗಳು ಐಶ್ವರ್ಯ, ಪಿಯುಸಿ ಎರಡನೇ ವರ್ಷದವಳು, ತಲೆ ಎತ್ತಿ ನೋಡಿ ಗುರುತು ಹಿಡಿದಳು. ವಾರ್ಡ್ ಆಫೀಸಿನ ಮೇಡಂ ನೀವೇ ಅಲ್ಲವೇ ಎಂದಳು. ಕಬಡ್ಡಿ ತಂಡದ ನಾಯಕಿ ಅವಳೇ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಮಹಾನಂದರಿಗೆ ಹೆಚ್ಚು ಚುಚ್ಚಿದ್ದು.

‘ನೀವು ಗ್ರೌಂಡಿಗೆ ಬಂದಾಗೆಲ್ಲ ನಾವು ಇಲ್ಲೇ ಇದ್ವಿ ಮೇಡಂ. ಬೆಳಿಗ್ಗೆ ಹೂವು ಬಿಟ್ಟು ಆಟಕ್ಕೆ ಹೋದ್ರೆ ಅಮ್ಮ ಸುಮ್ನಿರ್ತಾರಾ?’

ತಂಡದ ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಬೆಳಿಗ್ಗೆ ಹೂ ಕಟ್ಟುವವರು. ಉಳಿದವರು ತಾಯಂದಿರ ಜೊತೆ ಮನೆಗೆಲಸಕ್ಕೆ ಹೋಗುವವರು. ಆಮೇಲೆ ಕಾಲೇಜು. ಕಾಲೇಜು ಬಿಟ್ಟು, ಸಂಜೆಯ ಹೂವಿನ ವ್ಯಾಪಾರ ಶುರುವಾಗುವ ಮೊದಲು, ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಸುಡು ಬಿಸಿಲಲ್ಲಿ ಅವರ ಆಟ. ಮಹಾನಂದ ಕೊಂಡ ಹೂವನ್ನು ಅಲ್ಲೇ ಮರೆತು ಬಂದರು. ಅದೇ ಮಧ್ಯಾಹ್ನ ಅಂಗಳಕ್ಕೆ ಓಡಿದರೆ ಹದಿನಾಲ್ಕಕ್ಕೆ ಹದಿನಾಲ್ಕೂ ಹಾಜರ್.

‘ಬೆಳಿಗ್ಗೆ ಎದ್ದು ಬರೋರೇ ಶ್ರದ್ಧೆ ಇರೋರು ಅಂದ್ಕೊಂಡಿದ್ದೆ. ಬೆಳಿಗ್ಗೆ ಎದ್ದು ಕೆಲ್ಸಕ್ಕೆ ಹೋಗೋರ ನೆನಪೇ ಬರ್ಲಿಲ್ಲ ನಂಗೆ. ನಾನೂ ಅದೇ ಹೊತ್ತಲ್ಲಿ ಕೆಲ್ಸಕ್ಕೆ ಹೊರಡೋಳು, ನೋಡಿ’ ಎನ್ನುತ್ತಾರೆ ಮಹಾನಂದ. ಹೇಳುವಾಗ ಚೀಲದ ಹಿಡಿಯನ್ನು ಕೈಗೆ ಸುತ್ತುತ್ತಾ ಬಿಚ್ಚುತ್ತಾ ಇರುತ್ತಾರೆ.

ಈ ಸಲ ಸರಿಯಾದ ವರದಿ ಬರೆದರೆ ಮುಗಿಯಿತಲ್ಲ ಎನ್ನಬಹುದು. ಅಷ್ಟು ಸಲೀಸಾಗಿದ್ದರೆ ಏನು ಬೇಕಿತ್ತು! ‘ಚಟುವಟಿಕೆ ಇಲ್ಲ’ ಎಂದು ದಾಖಲಾದ ಗುಂಪು ಮರುವರ್ಷ ಅರ್ಜಿ ಹಾಕಿದರೂ ಅದನ್ನು ಪರಿಗಣಿಸುವಂತಿಲ್ಲ, ವಾರ್ಡಿನ ಜಾಗವನ್ನೂ ಬಿಟ್ಟುಕೊಡಬೇಕು. ಆ ಅಂಗಳವನ್ನು ಕಾರು ನಿಲ್ಲಿಸಲು ಕೊಡಿ ಎಂದು ಪಕ್ಕದ ರಸ್ತೆಯ ನಿವಾಸಿಗಳ ಸಂಘ ಆಗಲೇ ಪತ್ರ ಕೊಟ್ಟಾಗಿದೆ. ಅದೂ ಶನಿವಾರದ ಸಭೆಗೇ ಬರುತ್ತದೆ. ಹಳೆಯ ವರದಿ ರದ್ದಾದರೆ ಮಾತ್ರ ಹುಡುಗಿಯರಿಗೆ ಅಂಗಳ ಉಳಿಯುತ್ತದೆ. ರದ್ದಾಗಬೇಕೆಂದರೆ ಬರೆದವರೇ ತಪ್ಪೊಪ್ಪಿಕೊಳ್ಳಬೇಕು. ಒಪ್ಪಿಕೊಂಡ ವಾರದಲ್ಲೇ ಅವರ ಗುತ್ತಿಗೆಯ ಕಡತ ಮೇಜಿಗೆ ಬರುತ್ತದೆ. ಕಚೇರಿಯಲ್ಲಿ ಹಿತೈಷಿಗಳಿಗೇನೂ ಬರವಿಲ್ಲ. ಸುಮ್ಮನಿರಿ, ಯಾರೂ ಕೇಳುವುದಿಲ್ಲ, ಮುಂದಿನ ವರ್ಷ ನೋಡಿಕೊಂಡರಾಯಿತು ಎಂದು ಇಬ್ಬರು ಕಿವಿಮಾತು ಹೇಳಿದ್ದಾರೆ. ಮನೆಯಲ್ಲಿ ಪತಿ, ಮುದ್ರಣಾಲಯದಲ್ಲಿ ಕರಡು ತಿದ್ದಿ ತಿದ್ದಿ ಕಣ್ಣು ಮಂಜಾಗಿ ಮನೆ ಸೇರಿರುವವರು, ಆ ಎರಡು ಸಾಲನ್ನು ಓದಿಸಿ ಕೇಳಿ, ಎರಡನೆಯದು ಉದ್ದವಾಯಿತು, ಕತ್ತರಿಸು ಎಂದರಂತೆ.

ಶನಿವಾರ ಬರುತ್ತದೆ. ಸಭೆ ಹನ್ನೆರಡಕ್ಕೆ ಎಂದರೂ ಶುರುವಾಗುವುದು ಒಂದೂಕಾಲಿಗೆ. ಗೋಡೆಯ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಹಾನಂದ ಕೂರುತ್ತಾರೆ, ಏಳುತ್ತಾರೆ, ನೀರು ಕುಡಿಯುತ್ತಾರೆ, ಮತ್ತೆ ಕೂರುತ್ತಾರೆ. ಅನುದಾನ ಹಂಚುವ ಬಗೆ ನೋಡಬೇಕು ನೀವು! ಒಂದು ಅರ್ಜಿಗೆ ಎರಡು ನಿಮಿಷ. ಭಜನೆಗೆ ಹಾರ್ಮೋನಿಯಂ, ಸರಿ. ಬೀದಿ ಗ್ರಂಥಾಲಯಕ್ಕೆ ಕಪಾಟು, ಸರಿ. ಡೊಳ್ಳಿಗೆ ಐವತ್ತು ಸಾವಿರ ಕೇಳಿದ್ದಾರೆ, ಹದಿಮೂರೇ ಜನ ಇದ್ದಾರಲ್ಲ, ನಲವತ್ತು ಕೊಡಿ. ಹತ್ತೊಂಬತ್ತನೆಯದಾಗಿ, ಎಲ್ಲರಿಗೂ ಹೊಟ್ಟೆ ಚುರುಗುಟ್ಟುವ ಹೊತ್ತಿಗೆ, ಕಬಡ್ಡಿ ಬರುತ್ತದೆ. ಇದನ್ನು ತೆಗೆದುಕೊಳ್ಳುವ ಹಾಗೇ ಇಲ್ಲವಲ್ಲ ಎಂದು ಯಾರೋ ಕಾಗದ ಮಗುಚುತ್ತಾರೆ. ಮಹಾನಂದ ಎದ್ದು ನಿಂತು ತಮ್ಮ ಎರಡು ಸಾಲು ಓದುತ್ತಾರೆ.

ಸಮಿತಿಯಲ್ಲಿ ಚಕ್ರಪಾಣಿ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದಾರೆ. ಕಾರು ನಿಲ್ಲಿಸಲು ಅಂಗಳ ಕೇಳಿದ ಸಂಘ ಅವರದೇ. ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಕನ್ನಡಕ ಕೆಳಗಿಳಿಸಿ ಅವರು ಕೇಳುತ್ತಾರೆ.

‘ಇದೊಂದು ತಪ್ಪು ಅಂತೀರಿ. ಹಾಗಾದ್ರೆ ನಿಮ್ಮ ಮಿಕ್ಕ ವರದಿಗಳನ್ನ ನಾವು ಹೇಗಮ್ಮ ನಂಬೋದು?’

‘ನಂಬಬೇಡಿ ಸರ್’ ಎನ್ನುತ್ತಾರೆ ಮಹಾನಂದ. ‘ನೀವೇ ಬಂದು ನೋಡಿ. ಎರಡೂವರೆಗೆ ಆಟ ಶುರು. ಈಗ ಎರಡು ಗಂಟೆ, ನಡ್ಕೊಂಡು ಹೋದ್ರೂ ಹತ್ತೇ ನಿಮಿಷ.’

ಈ ಸಮಿತಿಯ ಸಭೆಯಿಂದ ಸದಸ್ಯರು ಎದ್ದು ಜಾಗ ನೋಡಲು ಹೋದದ್ದು ಅದೇ ಮೊದಲಂತೆ. ಹೋದವರು ನಾಲ್ವರು. ಬಿಸಿಲಿಗೆ ಕೊಡೆ ಬಿಡಿಸಿಕೊಂಡು ಚಕ್ರಪಾಣಿಯವರೂ ಹೊರಡುತ್ತಾರೆ. ಅಂಗಳದಲ್ಲಿ ಹುಡುಗಿಯರು ಸುಣ್ಣದ ಗೆರೆ ಎಳೆಯುತ್ತಿದ್ದಾರೆ. ಸಮಿತಿ ಬರುವ ಸುದ್ದಿ ಅವರಿಗೆ ಗೊತ್ತೇ ಇಲ್ಲ. ಯಾರೋ ಕಾರಿಗೆ ಜಾಗ ಅಳೆಯಲು ಬಂದರೆಂದುಕೊಂಡು ಒಂದಿಬ್ಬರು ಮುಖ ಗಂಟಿಕ್ಕುತ್ತಾರೆ. ಆಮೇಲೆ ಆಟ ಶುರುವಾಗುತ್ತದೆ. ಜಲ್ಲಿ ಬೆರೆತ ನೆಲ. ಹಿಡಿತಕ್ಕೆ ಸಿಕ್ಕ ಹುಡುಗಿಯೊಬ್ಬಳು ನಡುಗೆರೆಗೆ ಕೈ ಚಾಚಿ ಬೀಳುತ್ತಾಳೆ, ಎದ್ದು ಮೊಣಕಾಲಿನ ರಕ್ತಕ್ಕೆ ಮಣ್ಣು ಮೆತ್ತಿಕೊಂಡು ಮತ್ತೆ ಆಟಕ್ಕೆ ನಿಲ್ಲುತ್ತಾಳೆ. ಚಕ್ರಪಾಣಿಯವರು ಹತ್ತು ನಿಮಿಷ ಆಟ ನೋಡುತ್ತಾರೆ. ಕೊನೆಗೆ ಐಶ್ವರ್ಯಳನ್ನು ಕರೆದು, ಮಧ್ಯಾಹ್ನ ಆಡುವ ವಿಷಯವನ್ನು ಹೋದ ವರ್ಷವೇ ತಿಳಿಸಬಾರದಿತ್ತೇ ಎಂದು ಕೇಳುತ್ತಾರೆ.

‘ಎಲ್ಲಿ ತಿಳ್ಸೋದು ಸರ್? ಅಪ್ಪನ ಹೆಸ್ರು, ಜಾತಿ, ರೇಷನ್ ಕಾರ್ಡ್ ನಂಬರ್ ಎಲ್ಲ ಕೇಳಿದ್ರಿ. ಎಷ್ಟು ಹೊತ್ತಿಗೆ ಆಡ್ತೀರಾ ಅಂತ ಫಾರಮ್ಮಲ್ಲಿ ಕೇಳೇ ಇಲ್ವಲ್ಲ.’

ವಾಪಸು ಬಂದು ಕೈ ಎತ್ತಿದಾಗ ಆರು ಕೈ ಮೇಲೇಳುತ್ತವೆ. ಚಕ್ರಪಾಣಿಯವರದು ಏಳುವುದಿಲ್ಲ, ಆದರೆ ಕಾರಿನ ಪತ್ರವನ್ನು ಅವರೇ ಹಿಂದಕ್ಕೆ ಪಡೆಯುತ್ತಾರೆ. ಅಂಗಳ ಹುಡುಗಿಯರಿಗೆ ಉಳಿಯುತ್ತದೆ. ಅನುದಾನ ಮೂವತ್ತು ಸಾವಿರ, ಅದರಲ್ಲಿ ಅರ್ಧ ಅಂಗಳಕ್ಕೆ ಮ್ಯಾಟ್ ಬಂದೀತು. ಇರುವ ಮೂರು ಲಕ್ಷದಲ್ಲೇ ಎಲ್ಲ ಹೊಂದಿಸಬೇಕಲ್ಲ, ಡೊಳ್ಳಿನವರ ಪಾಲು ಇನ್ನೂ ಹತ್ತು ಇಳಿಯುತ್ತದೆ. ಸುದ್ದಿ ತಿಳಿದ ಆ ತಂಡದ ನಾಯಕ ಕಚೇರಿಯ ಬಾಗಿಲಲ್ಲೇ ಮಹಾನಂದರನ್ನು ತಡೆದು, ನಿಮ್ಮ ತಪ್ಪಿಗೆ ನಮ್ಮ ದುಡ್ಡು ಯಾಕೆ ಕಡಿಮೆಯಾಗಬೇಕು ಎಂದು ಕೇಳುತ್ತಾನೆ. ಅವನ ಮಾತಿನಲ್ಲೂ ನ್ಯಾಯವಿದೆ. ಮಹಾನಂದ ಅವನು ಬೈದು ಮುಗಿಸುವವರೆಗೂ ನಿಂತು ಕೇಳುತ್ತಾರೆ.

ಮಂಗಳವಾರವಾದರೂ ಗುತ್ತಿಗೆಯ ಕಡತಕ್ಕೆ ಸಹಿ ಬಿದ್ದಿಲ್ಲ. ಆಗುತ್ತದೆಂದು ಒಬ್ಬರು, ಕಷ್ಟವೆಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಅಂಗಳ ಉಳಿಯಿತಲ್ಲ, ಇನ್ನಾದರೂ ನೆಮ್ಮದಿಯೇ ಎಂದು ಕೇಳಿದರೆ ಮಹಾನಂದ ಇಲ್ಲವೆಂದು ತಲೆಯಾಡಿಸುತ್ತಾರೆ. ನಾಲ್ಕು ವರ್ಷದ ಹಳೆಯ ಕಟ್ಟುಗಳನ್ನು ಬೀರುವಿನಿಂದ ಇಳಿಸಿ ಮೇಜಿನ ಮೇಲೆ ಹರಡಿಕೊಂಡಿದ್ದಾರೆ. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಹೆಸರುಗಳ ಪಟ್ಟಿಯೊಂದು ಬೆಳೆಯುತ್ತಿದೆ. ಹೊಲಿಗೆ ಕಲಿಸುವವರು, ಚೆಸ್ ಆಡುವವರು, ಬೀದಿ ನಾಟಕದವರು. ಮಧ್ಯಾಹ್ನದ ಬಿಸಿಲು ಏರುತ್ತಿದ್ದ ಹಾಗೆ ಅವರು ಚೀಲ ಹೆಗಲಿಗೇರಿಸಿ ಎದ್ದೇ ಬಿಡುತ್ತಾರೆ.

‘ಚಟುವಟಿಕೆ ಇಲ್ಲ ಅಂತ ನಾನು ಬರೆದಿರೋದು ಒಟ್ಟು ಹದಿನೇಳು ಗುಂಪಿಗೆ. ಹದಿನೇಳನ್ನೂ ಬೆಳಿಗ್ಗೆನೇ ನೋಡಿದ್ದು. ಸಹಿ ಹಾಕ್ತಾರೋ ಬಿಡ್ತಾರೋ, ಈ ತಿಂಗಳು ಮುಗಿಯೋವರ್ಗೂ ನಾನು ಇಲ್ಲೇ ಇರ್ತೀನಲ್ಲ. ಒಂದು ಆಯ್ತು. ಇನ್ನ ಹದಿನಾರು ಮನೆ ಬಾಗ್ಲಿಗೆ ಹೋಗಿ, ನೀವು ಎಷ್ಟು ಹೊತ್ತಿಗೆ ಸೇರ್ತಿದ್ರಿ ಅಂತ ಕೇಳ್ಬೇಕು.’