ಕೋಲಾರದ ಹನ್ನೊಂದು ಗಂಟೆ

ಕೋಲಾರದಲ್ಲಿ ಬಾಯಿ ಬಿಟ್ಟ ಮೊದಲ ದಿನವೇ ನಾನು ಮರಾಠಿಯವಳಾದೆ. "ಮ್ಯಾಲಿನ ಖೋಲಿ ಬಾಡಿಗಿಗಿ ಐತೇನ್ರಿ?" ಎಂದು ನನ್ನ ಅಚ್ಚ ಕನ್ನಡದಲ್ಲಿ ಕೇಳಿದರೆ, ಬಾಗಿಲು ತೆರೆದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ, "ಎವರೋ ಮರಾಠೀ ಆಮೆ ವಚ್ಚಿಂದಿ" ಎಂದು ಕೂಗಿದರು. ಯಾರೋ ಮರಾಠಿಯವಳು ಬಂದಿದ್ದಾಳೆ ಎಂದು ತೆಲುಗಿನಲ್ಲಿ ಹೇಳಿದ್ದು. ವಿಜಯಪುರ ಜಿಲ್ಲೆಯ ಇಂಡಿಯಿಂದ ಬಂದವಳು ನಾನು, ರಾಜ್ಯವನ್ನೇನೂ ದಾಟಿರಲಿಲ್ಲ. ಆದರೂ ಕನ್ನಡದವಳೆಂದು ನಂಬಿಸಲು ಆಧಾರ್ ಕಾರ್ಡ್ ತೆಗೆಯಬೇಕಾಯಿತು. ಆ ಹೆಂಗಸೇ ವೆಂಕಟಲಕ್ಷ್ಮಮ್ಮ, ಅಂದಿನಿಂದ ನನ್ನ ಮನೆ ಓನರ್.

ಊರಿನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಸ್ಟಾಫ್ ನರ್ಸ್ ಆಗಿದ್ದವಳು ಕೆಲಸ ಬಿಟ್ಟು, ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿಗೆ ಇಲ್ಲಿ ಸೇರಿದ್ದೆ. ಡಾಕ್ಟರು ರೋಗಿಯನ್ನು ನೋಡಿಕೊಂಡರೆ ಆಡಳಿತದವರು ಆಸ್ಪತ್ರೆಯನ್ನು ನೋಡಿಕೊಳ್ಳಬೇಕು. ಯಾವ ಕೊಠಡಿ, ಯಾರ ಡ್ಯೂಟಿ, ಯಾರು ಎಲ್ಲಿ ಕಾಯಬೇಕು, ಎಲ್ಲ ಅವರದೇ ತಲೆನೋವು. ಊರಿನವರು ನೀವೆಲ್ಲ ನಕ್ಕಿದ್ದಿರಿ, ಮರೆತಿಲ್ಲ. "ಸಿಸ್ಟರ್ ಇದ್ದಾಕಿ ಇನ್ನ ಕುರ್ಚಿ ಮ್ಯಾಲೆ ಕುಂದರ್ತಾಳಂತ!" ಕುಳಿತೇ ತೋರಿಸುತ್ತೇನೆ ಎಂದು ಹಠ ಹಿಡಿದು ಬಸ್ಸು ಹತ್ತಿದ್ದೆ.

ಬಂದವಳು ಮೊದಲು ಸೋತದ್ದು ಮುದ್ದೆಯ ಮುಂದೆ. ನಾವು ರೊಟ್ಟಿ ಮುರಿದು ಅಗಿದು ತಿನ್ನುವ ಜನ. ಇಲ್ಲಿ ರಾಗಿ ಮುದ್ದೆಯನ್ನು ಬಸ್ಸಾರಿನಲ್ಲಿ, ಅಂದರೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನ ಸಾರಿನಲ್ಲಿ, ಅದ್ದಿ ಹಾಗೇ ನುಂಗಬೇಕು. ನಾನು ಅಗಿಯುತ್ತ ಕುಳಿತದ್ದನ್ನು ಕಂಡು ವೆಂಕಟಲಕ್ಷ್ಮಮ್ಮ, "ಅಯ್ಯೋ, ಅಗೀಬೇಡ ಕಣಮ್ಮ, ನುಂಗು! ಹಲ್ಲಿಗೇನ್ ಕೆಲ್ಸ ಅಲ್ಲಿ?" ಎಂದು ಬಿದ್ದು ಬಿದ್ದು ನಕ್ಕರು. ಭಾನುವಾರಗಳಲ್ಲಿ ಅವ್ವ ಕಳಿಸಿದ ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ, ಡಬ್ಬಿ ತೆರೆದು ಬರೀ ವಾಸನೆ ನೋಡಿ ಅತ್ತದ್ದೂ ಉಂಟು. ಆದರೆ ಮುದ್ದೆ ನುಂಗುವುದನ್ನು ಕಲಿತ ದಿನ ನನ್ನ ಹೆಮ್ಮೆ ನೋಡಬೇಕಿತ್ತು.

ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟ್ ಮಾಡಬೇಕು. ಸಕ್ಕರೆ ಕಾಯಿಲೆ, ಬಿಪಿ ಇರುವ ಹಳ್ಳಿಯ ಹೆಂಗಸರು ಒಮ್ಮೆ ಮಾತ್ರೆ ಬರೆಸಿಕೊಂಡು ಹೋದರೆ ಮತ್ತೆ ತಪಾಸಣೆಗೆ ಬರುತ್ತಿರಲಿಲ್ಲ. ಅವರನ್ನು ಮರಳಿ ಕರೆಸುವುದನ್ನೇ ವಿಷಯ ಮಾಡಿಕೊಂಡೆ. ನಮ್ಮ ಕಾಲೇಜಿನ ಆಸ್ಪತ್ರೆಯವರು ಬುಧವಾರಕ್ಕೊಂದು ಕೊಠಡಿ, ಒಬ್ಬ ಡಾಕ್ಟರನ್ನು ಕೊಟ್ಟರು. ಸಮಯ ಗೊತ್ತು ಮಾಡಿದವಳು ನಾನೇ, ಬೆಳಿಗ್ಗೆ ಎಂಟರಿಂದ ಹತ್ತು. ನಮ್ಮ ಕಡೆ ಮೊದಲ ಬಸ್ಸಿಗೆ ಬಂದ ಜನ ಎಂಟಕ್ಕೆಲ್ಲ ಆಸ್ಪತ್ರೆ ತುಂಬಿರುತ್ತಾರಲ್ಲ, ಜಗತ್ತೇ ಹಾಗೆ ಎಂದುಕೊಂಡಿದ್ದೆ.

ಫೋನ್ ಮಾಡಿ ಕರೆದರೆ ಎಲ್ಲರೂ, "ಆಯ್ತು ಮೇಡಂ, ಬರ್ತೀನಿ" ಎನ್ನುತ್ತಿದ್ದರು. ಬುಧವಾರ ನೋಡಿದರೆ ಖಾಲಿ ಬೆಂಚು, ನಾನು, ಆಕಳಿಸುವ ಡಾಕ್ಟರು. ಗೈಡ್ ಮೇಡಂ ನೇರವಾಗಿ ಹೇಳಿದರು. "ಈ ತಿಂಗಳೂ ಹೀಗೇ ಆದ್ರೆ ರೂಮ್ ವಾಪಸ್ ತಗೋತಾರೆ. ಬೇರೆ ವಿಷಯ ಹುಡುಕ್ಕೊಳ್ಳಿ, ಇನ್ನೊಂದು ಸೆಮಿಸ್ಟರ್ ಆಗತ್ತೆ." ಇನ್ನೊಂದು ಸೆಮಿಸ್ಟರ್ ಓದುವ ಶಕ್ತಿ ನನಗಿರಲಿಲ್ಲ. ಸೋತು ಊರಿಗೆ ಬಂದರೆ ನೀವು ಏನೆನ್ನುತ್ತೀರಿ ಎಂಬುದೂ ಗೊತ್ತಿತ್ತು. ಜನ ಬಾರದಿರಲು ಅರಿವಿನ ಕೊರತೆಯೇ ಕಾರಣ ಎಂದು ವರದಿ ಬರೆದು ಮುಗಿಸಿಬಿಡೋಣ ಅನ್ನಿಸಿತು.

ಅದೇ ವಾರ ವೆಂಕಟಲಕ್ಷ್ಮಮ್ಮ ನನ್ನ ಸಪ್ಪೆ ಮುಖ ನೋಡಲಾರದೆ ತಮ್ಮ ತವರು ಕ್ಯಾಲನೂರಿಗೆ ಕರೆದೊಯ್ದರು. ಬೆಳಿಗ್ಗೆ ಎದ್ದು ಬೀದಿಗೆ ಬಂದರೆ ಊರಿನ ಹೆಂಗಸರೆಲ್ಲ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಂತಿದ್ದಾರೆ. ಇಲ್ಲಿ ಡೈರಿ ಎಂದರೆ ಹಾಲಿನ ಸೊಸೈಟಿ. ಹೊತ್ತಿಗೆ ಸರಿಯಾಗಿ ಹಾಲು ಹಾಕಬೇಕು, ಸಂಜೆ ಮತ್ತೆ ಹಾಕಬೇಕು. ಆ ಸಾಲಿನಲ್ಲಿದ್ದ ಒಬ್ಬರನ್ನು ವೆಂಕಟಲಕ್ಷ್ಮಮ್ಮ ಮುನಿರತ್ನಮ್ಮ ಎಂದು ಕರೆದಾಗ ನನ್ನ ಪಟ್ಟಿಯ ಹೆಸರು ನೆನಪಾಯಿತು. ನಾನು ಫೋನ್ ಮಾಡಿದಾಗಲೆಲ್ಲ ಬರುತ್ತೇನೆಂದು ಹೇಳಿ ಒಮ್ಮೆಯೂ ಬಾರದವರು. ನಾನು ಯಾರೆಂದು ಹೇಳಿ, ಯಾಕೆ ಬರಲಿಲ್ಲ ಎಂದು ಕೇಳಿದೆ.

"ಎಂಟ್ ಗಂಟೆಗ್ ಬಾ ಅಂದ್ರೆ ಎಂಗ್ ಬರೋದು ಮೇಡಂ? ಹಾಲ್ ಹಾಕಿ, ಮನೇವ್ರಿಗೆ ಅಡ್ಗೆ ಮಾಡಿ ಬಸ್ ಹತ್ತೋ ಹೊತ್ಗೆ ಹತ್ತಾಗ್ತದೆ."

"ಮತ್ತ ಫೋನಿನ್ಯಾಗ ಬರ್ತೀನಿ ಅಂದ್ರೆಲ್ರಿ?"

"ನೀವು ಅಷ್ಟು ಪ್ರೀತಿಯಿಂದ ಕರದ್ರೆ ಬರಲ್ಲ ಅನ್ನಕ್ಕಾಗ್ತದಾ?"

ನನಗೆ ನಗು ಬಂತು, ನಾಚಿಕೆಯೂ ಆಯಿತು. ಅರಿವಿನ ಕೊರತೆ ಯಾರದೆಂದು ಗೊತ್ತಾಯಿತು.

ಸೋಮವಾರವೇ ಕ್ಲಿನಿಕ್ಕನ್ನು ಹನ್ನೊಂದರಿಂದ ಎರಡಕ್ಕೆ ಬದಲಿಸಲು ಹೊರಟೆ. ಹಾಲು ಹಾಕಿ ಬರಬಹುದು, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬಹುದು. ಹೊರಟದ್ದೇನೋ ಸರಿ, ಒಬ್ಬೊಬ್ಬರೂ ಒಂದೊಂದು ಅಡ್ಡಗಾಲು. ಖಾಲಿ ಹೊಟ್ಟೆಯ ರಕ್ತ ಬೇಕಲ್ಲ ಎಂದರು ಡಾಕ್ಟರು. ತಿಂದ ಮೇಲಿನ ಶುಗರ್ ನೋಡಿ ಮಾತ್ರೆ ಸರಿಮಾಡಲಾಗದೇ ಎಂದು ನಾನು ಬೆನ್ನು ಹತ್ತಿದೆ, ಕೊನೆಗೆ ಸದ್ಯಕ್ಕೆ ಅಷ್ಟು ಸಾಕೆಂದು ಒಪ್ಪಿದರು. ಊಟದ ಹೊತ್ತಿಗೆ ಲ್ಯಾಬ್ ಮುಚ್ಚುತ್ತಿತ್ತು. ಲ್ಯಾಬಿನ ನಯಾಜ್ ಭಾಯ್ ಹತ್ತಿರ ನಮ್ಮ ವಿಜಯಪುರದ ಉರ್ದುವಿನಲ್ಲೇ ಗೋಗರೆದೆ. "ನಿಮ್ಮ ಉರ್ದು ಕೇಳೋಕಾದ್ರೂ ತೆಗ್ದಿರ್ತೀನಿ ಬಿಡಿ ಸಿಸ್ಟರ್" ಎಂದು ಅವರು ತಮ್ಮ ಊಟವನ್ನೇ ಮುಂದೂಡಿದರು.

ಆ ಬುಧವಾರ ಮುನಿರತ್ನಮ್ಮ ತಮ್ಮ ಡೈರಿಯ ಗೆಳತಿಯರನ್ನೆಲ್ಲ ಕಟ್ಟಿಕೊಂಡು ಬಂದರು. ಮುಂದಿನ ವಾರ ವಕ್ಕಲೇರಿ ಕಡೆಯವರೂ ಬಂದರು. ಬೆಂಚು ಸಾಲದೆ ಹೆಂಗಸರು ನೆಲದ ಮೇಲೆ ಕುಳಿತು ಹಸು, ಸೊಸೆ, ಸೊಂಟನೋವು ಎಲ್ಲವನ್ನೂ ಒಟ್ಟಿಗೆ ಮಾತಾಡತೊಡಗಿದರು. ಪ್ರಾಜೆಕ್ಟ್ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ಆ ಗುಂಪು ದಾಟಿ ಬರಲು ಒದ್ದಾಡಿ, ಬೆವರು ಒರೆಸುತ್ತ, "ಯಾಕ್ರೀ ಇಷ್ಟೊಂದು ಜನ?" ಎಂದರು. "ನನ್ನ ಪ್ರಾಜೆಕ್ಟೇ ಸರ್" ಎಂದೆ. ಅಷ್ಟು ಸಂತೋಷ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ. ಫಲಿತಾಂಶ ಬಂದ ವಾರವೇ ಆ ಆಸ್ಪತ್ರೆ ನನಗೆ ಆಡಳಿತ ವಿಭಾಗದಲ್ಲಿ ಕೆಲಸ ಕೊಟ್ಟಿತು. ಕುರ್ಚಿ ಸಹಿತ, ನಕ್ಕವರು ಬಂದು ನೋಡಬಹುದು.

ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಬಾಳ ಚಲೋ ಆತು ನನ್ನವ್ವಾ" ಎಂದು ಅತ್ತೇಬಿಟ್ಟಳು. ಆಮೇಲೆ ಮೂಗೊರೆಸಿಕೊಂಡು, "ಅಲ್ಲಿ ಮಂದಿಗಿ ಹೊತ್ತು ಹೊಂದಿಸಿ ಕೊಟ್ಟಿ. ಇಲ್ಲಿ ನಮಗ ಯಾರ ಕೊಡ್ತಾರ?" ಎಂದಳು. ಮರುದಿನ ಕೋಲಾರದ ಕೆಲಸಕ್ಕೆ ಸಹಿ ಹಾಕಿದೆ, ಖುಷಿಯಿಂದಲೇ ಹಾಕಿದೆ. ಆದರೂ ಮನಸ್ಸು ತಡೆಯದೆ ಸಂಜೆ ಮತ್ತೆ ಅವ್ವನಿಗೆ ಫೋನ್ ಹಚ್ಚಿ, ಇಲ್ಲಿಂದಲೇ ಏನಾದರೂ ಮಾಡಲಾದೀತೇ ಎಂಬ ಆಸೆಯಿಂದ ಕೇಳಿದೆ: "ಅವ್ವಾ, ನಿಮ್ಮ ಕಡೆ ಹೆಂಗಸರಿಗೆ ಬಿಡುವು ಆಗೋದು ಯಾವಾಗ?"

"ಯಾರ ಕಡೆ ಅಂದಿ?" ಎಂದು ಕೇಳಿದಳು ಅವ್ವ. "ನಮ್ಮ ಕಡೆ" ಅನ್ನುವ ಬದಲು "ನಿಮ್ಮ ಕಡೆ" ಅಂದಿದ್ದೆ ನಾನು.